ರೆಟಿನಾ ಸಂಶೋಧನೆಗೆ ಕೊಟ್ಟ ದಾನ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ?

ನಿಮ್ಮ ತಮ್ಮನಿಗೆ ರೆಟಿನೈಟಿಸ್ ಪಿಗ್ಮೆಂಟೋಸಾ ಇದೆ, ಅಂದರೆ ಕಣ್ಣಿನ ಒಳಪದರವಾದ ರೆಟಿನಾ ಕ್ರಮೇಣ ಹಾಳಾಗುವ ಅನುವಂಶಿಕ ಕಾಯಿಲೆ. ತಂದೆಯವರ ಹೆಸರಿನಲ್ಲಿ ತೆಗೆದಿಟ್ಟ ಹಣವನ್ನು ರೆಟಿನಾ ಸಂಶೋಧನೆಗೆ ಕೊಡುವುದೋ, ಬಡವರ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಕೊಡುವುದೋ ಎಂದು ಕೇಳಿದ್ದೀರಿ. ಪೊರೆ ತೆಗೆಸಿದರೆ ಕೆಲವೇ ದಿನಗಳಲ್ಲಿ ಒಬ್ಬರಿಗೆ ಕಣ್ಣು ಕಾಣುತ್ತದೆ, ಸಂಶೋಧನೆಯ ಫಲಕ್ಕೆ ದಶಕಗಳೇ ಹಿಡಿಯಬಹುದು. ಆದರೂ ಸಂಶೋಧನೆಗೇ ಕೊಡಿ ಎನ್ನುತ್ತೇನೆ, ಏಕೆಂದರೆ ಪೊರೆಗೆ ಚಿಕಿತ್ಸೆಯೂ ಇದೆ, ಸರ್ಕಾರದ ನೆರವೂ ಇದೆ. ಈ ಕಾಯಿಲೆಗೆ ಬಹುಪಾಲು ಚಿಕಿತ್ಸೆಯನ್ನೇ ಇನ್ನೂ ಹುಡುಕಬೇಕಾಗಿದೆ.

ಅಮೆರಿಕದ ಗಾರ್ಡನ್ ಗಂಡ್ ಇದೇ ಕಾಯಿಲೆಯಿಂದ 1970ರಲ್ಲಿ ದೃಷ್ಟಿಯನ್ನು ಪೂರ್ತಿ ಕಳೆದುಕೊಂಡರು. ಮರುವರ್ಷ ಅವರೂ ಅವರ ಪತ್ನಿಯೂ, ಹೆಣ್ಣುಮಕ್ಕಳಿಗೆ ಇದೇ ಕಾಯಿಲೆಯಿದ್ದ ಬರ್ಮನ್ ದಂಪತಿಗಳೂ ಇತರರೊಡನೆ ಸೇರಿ ಕಟ್ಟಿದ ಸಂಸ್ಥೆಯೇ ಇಂದಿನ ಫೌಂಡೇಶನ್ ಫೈಟಿಂಗ್ ಬ್ಲೈಂಡ್‌ನೆಸ್. ಆರ್‌ಪಿಇ65 ಎಂಬ ಜೀನ್‌ನ (ವಂಶವಾಹಿಯ) ದೋಷದಿಂದ ಹುಟ್ಟುಕುರುಡಾಗಿದ್ದ ಬ್ರಿಯಾರ್ಡ್ ತಳಿಯ ನಾಯಿಗಳ ಕಣ್ಣಿಗೆ ಸರಿಯಾದ ಜೀನ್ ಸೇರಿಸಿದ ಪ್ರಯೋಗಕ್ಕೆ ಅದು ಹಣ ಕೊಟ್ಟಿತು. ಆ ನಾಯಿಗಳಿಗೆ ಕಣ್ಣು ಕಂಡ ಸುದ್ದಿ 2001ರಲ್ಲಿ ಪ್ರಕಟವಾಯಿತು, 2007ರಲ್ಲಿ ಫಿಲಡೆಲ್ಫಿಯಾದಲ್ಲಿ ಮನುಷ್ಯರ ಮೇಲಿನ ಪರೀಕ್ಷೆ ಶುರುವಾಯಿತು, 2017ರ ಡಿಸೆಂಬರ್‌ನಲ್ಲಿ ಲಕ್ಸ್‌ಟರ್ನಾ ಎಂಬ ಹೆಸರಿನಲ್ಲಿ ಆ ಚಿಕಿತ್ಸೆಗೆ ಅನುಮತಿ ಸಿಕ್ಕಿತು. ಔಷಧ ಕಂಪನಿ ಕೈಹಾಕಿದ್ದು 2013ರಷ್ಟು ತಡವಾಗಿ. ಲಾಭದ ಗುರುತೇ ಇಲ್ಲದ ಆ ಮೊದಲಿನ ವರ್ಷಗಳಲ್ಲಿ ಕೆಲಸ ನಿಲ್ಲದಂತೆ ನೋಡಿಕೊಂಡವರಲ್ಲಿ ದಾನಿಗಳೂ ಇದ್ದರು ಎಂಬುದು ನನಗೆ ಬಹಳ ದೊಡ್ಡ ಮಾತಾಗಿ ಕಾಣುತ್ತದೆ. ಎರಡೂ ಕಣ್ಣಿಗೆ ಅದರ ಬೆಲೆ 8.5 ಲಕ್ಷ ಡಾಲರ್ ಎಂದು ನಿಗದಿಯಾದದ್ದು ಮಾತ್ರ ನೋವಿನ ಸಂಗತಿ.

ಈ ಚಿಕಿತ್ಸೆ ಆ ಒಂದು ಜೀನ್‌ನ ದೋಷಕ್ಕೆ ಮಾತ್ರ ನಾಟುತ್ತದೆ, ನಿಮ್ಮ ತಮ್ಮನ ಕಾಯಿಲೆಗೆ ಕಾರಣವಾಗಬಲ್ಲ ಜೀನ್‌ಗಳಾದರೋ ಹಲವು ಹತ್ತು. ಸೋದರಮಾವ, ಅತ್ತೆಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ನಮ್ಮ ಕಡೆ, ತಂದೆತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ತಲೆಯೆತ್ತುವ ದೋಷಗಳು ಹೆಚ್ಚು ಕಾಣಿಸಿಕೊಳ್ಳುತ್ತವೆ. ನಮ್ಮ ಕುಟುಂಬಗಳ ಜೀನ್‌ಗಳನ್ನು ಇಲ್ಲೇ ಪರೀಕ್ಷಿಸಿ ದಾಖಲಿಸದಿದ್ದರೆ ಹೊರದೇಶದ ಚಿಕಿತ್ಸೆ ಯಾರಿಗೆ ಹೊಂದುತ್ತದೆ ಎಂಬುದೂ ತಿಳಿಯುವುದಿಲ್ಲ. ಬೆಂಗಳೂರಿನ ನಾರಾಯಣ ನೇತ್ರಾಲಯ, ಹೈದರಾಬಾದಿನ ಎಲ್.ವಿ. ಪ್ರಸಾದ್ ಸಂಸ್ಥೆ, ಚೆನ್ನೈನ ಶಂಕರ ನೇತ್ರಾಲಯ ಈ ಮೂರರಲ್ಲೂ ಸಂಶೋಧನಾ ವಿಭಾಗಗಳಿವೆ. ರಾಜ್‌ಕುಮಾರ್, ಪುನೀತ್ ಅವರಿಂದಾಗಿ ನಮ್ಮಲ್ಲಿ ಮನೆಮಾತಾದ ನೇತ್ರದಾನದಿಂದ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಕಸಿ ಸಾಧ್ಯವೇ ಹೊರತು ರೆಟಿನಾ ಕಸಿಯಲ್ಲ. ಹಾಗಾಗಿ ಇಲ್ಲಿ ಹಣದ ನೆರವೇ ಬೇಕು.

ಕೊಡುವಾಗ "ರೆಟಿನಾದ ಅನುವಂಶಿಕ ಕಾಯಿಲೆಗಳ ಸಂಶೋಧನೆಗೆ ಮಾತ್ರ" ಎಂದು ಪತ್ರದಲ್ಲಿ ಬರೆದುಕೊಡಿ, ಇಲ್ಲವಾದರೆ ಹಣ ಸಾಮಾನ್ಯ ನಿಧಿಗೆ ಸೇರಿಬಿಡಬಹುದು. ಸಾಧ್ಯವಿದ್ದರೆ ಇಡೀ ಮೊತ್ತವನ್ನು ಒಮ್ಮೆಗೇ ಕೊಡದೆ ಕೆಲವು ವರ್ಷ ಹಂಚಿ ಕೊಡಿ. ಹಾಗೆ ಮಾಡಿದರೆ ಸಂಶೋಧನಾ ವಿದ್ಯಾರ್ಥಿಯ ವೇತನ ನಡುವೆ ನಿಲ್ಲುವುದಿಲ್ಲ. ಸ್ಟೆಮ್ ಸೆಲ್ (ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಪ್ರಯೋಗಕ್ಕೆ ಸೇರಿಸುತ್ತೇವೆ, ಇಷ್ಟು ಲಕ್ಷ ಕಟ್ಟಿ ಎಂದು ಯಾರಾದರೂ ಕೇಳಿದರೆ ದಯವಿಟ್ಟು ಒಪ್ಪಬೇಡಿ. ಪ್ರಯೋಗಕ್ಕೆ ಒಳಗಾಗುವವರಿಂದ ಹಣ ಪಡೆಯುವಂತಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ದಾನಕ್ಕಿಂತ ಮೊದಲು ತಮ್ಮನ ಜೀನ್ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಜೋಪಾನವಾಗಿಡಿ.