ಎಲ್ಲಕ್ಕೂ 25 ಅಂಕ ಬೇಡ

ನಿಮ್ಮ ಊರನ್ನು ನೆರೆಯಿಂದ ಕಾಯಲು ಯಾವ ಯೋಜನೆ ಒಳ್ಳೆಯದೆಂದು ಆರಿಸುವಾಗ ಜೀವ, ಬೆಳೆ, ಖರ್ಚು, ಸ್ಥಳಾಂತರ ಎಂದು ನಾಲ್ಕಕ್ಕೂ ತಲಾ 25 ಅಂಕ ಕೊಡಬಹುದಾ ಎಂದು ಕೇಳಿದ್ದೀರಿ. ಬೇಡ. ಜೀವಕ್ಕೆ ಅಂಕವೇ ಬೇಡ. ಜನರನ್ನು ಉಳಿಸದ ಯೋಜನೆಯನ್ನು ಮೊದಲೇ ಪಟ್ಟಿಯಿಂದ ತೆಗೆಯಿರಿ. ಉಳಿದ ಮೂರನ್ನು ಎರಡೆರಡಾಗಿ ಹೋಲಿಸಿ: ಬೆಳೆ ಮುಖ್ಯವೋ, ಖರ್ಚೋ? ಒಟ್ಟಿಗೆ ಕೇಳಿದರೆ ಜನ ಸುಮ್ನೆ ಎಲ್ಲಕ್ಕೂ ಹೂಂ ಅಂತಾರೆ.

ಸ್ಥಳಾಂತರದಲ್ಲಿ ಹೊಲ ಎಷ್ಟು ದೂರ ಅನ್ನೋದಕ್ಕೆ ಜಾಸ್ತಿ ತೂಕ ಕೊಡಿ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಯೋಜನೆಯಡಿ ಸಂತ್ರಸ್ತರಿಗೆ ಬೇರೆ ಜಾಗದಲ್ಲಿ ಮನೆಗಳನ್ನು ಕಟ್ಟಿದರು. ಎಷ್ಟೋ ಕಡೆ ಜನ ಹೋಗಲೇ ಇಲ್ಲ. ಹೊಲ ದೂರ, ಎಮ್ಮೆ ಕಟ್ಟಲು, ಬಣವೆ ಒಟ್ಟಲು ಜಾಗವಿಲ್ಲ. ಅಂಕ ಹಾಕುವ ದಿನ ಹೆಣ್ಮಕ್ಕಳನ್ನೂ ಕೂರಿಸಿ. ದನಕ್ಕೆ ನೀರು ಹೊರುವವರು ಅವರೇ ಅಲ್ವಾ?