ಮೂರು ಬಾಟಲಿ, ಒಂದೇ ಸ್ಪ್ರೇಯರ್?

ಪ್ರಶ್ನೆ: ತಾರಸಿಯಲ್ಲಿ ಹತ್ತು ಕುಂಡ ಮೆಣಸಿನ ಗಿಡ ಇದೆ. ಹೂವೆಲ್ಲ ಉದುರುತ್ತಿದೆ. ಅಂಗಡಿಯವರು ಎನ್‌ಎಎ, ಜಿಬ್ಬರೆಲಿಕ್ ಆಸಿಡ್, ಕಡಲಪಾಚಿ ದ್ರಾವಣ ಕೊಟ್ಟು, ಮೂರನ್ನೂ ಒಟ್ಟಿಗೆ ಬೆರೆಸಿ ಹೊಡೆಯಿರಿ ಅಂದರು. ಗುಲಾಬಿ ಕಡ್ಡಿ ನೆಡುವಾಗಲೂ ಇದೇ ಮಿಶ್ರಣ ಬಳಸಬಹುದಾ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ದಯವಿಟ್ಟು ಬೆರೆಸಬೇಡಿ. ಮೂರೂ ಒಳ್ಳೆಯವೇ, ಆದರೆ ಒಂದೊಂದರ ಕೆಲಸ ಒಂದೊಂದು. ಎನ್‌ಎಎ ಆಕ್ಸಿನ್ ಎಂಬ ಸಸ್ಯ ಹಾರ್ಮೋನ್ ಗುಂಪಿನದು. ಹೂವು, ಪೀಚು ತೊಟ್ಟು ಕಳಚದಂತೆ ನೋಡಿಕೊಳ್ಳುತ್ತದೆ. ಜಿಬ್ಬರೆಲಿಕ್ ಆಸಿಡ್ ಕಾಂಡವನ್ನು ಉದ್ದ ಮಾಡುತ್ತದೆ. ವಿಜಯಪುರದ ಕಡೆ ದ್ರಾಕ್ಷಿ ಗೊಂಚಲು ಉದ್ದವಾಗಲಿ, ಹಣ್ಣು ದಪ್ಪವಾಗಲಿ ಅಂತ ಬಳಸುವುದು ಇದನ್ನೇ. ನಿಮ್ಮ ಮೆಣಸಿಗೆ ಈಗ ಅದು ಬೇಕಿಲ್ಲ, ಗಿಡ ಸುಮ್ನೆ ಸಪೂರವಾಗಿ ಮೇಲೆದ್ದೀತು. ಇನ್ನು ಕಡಲಪಾಚಿಯಲ್ಲಿ ಸೈಟೊಕೈನಿನ್ ಎಂಬ ಇನ್ನೊಂದು ಹಾರ್ಮೋನ್ ಇರುತ್ತದೆ. ಅದು ಚಿಗುರಿಗೆ.

ಇವನ್ನು ಸೇರಿಸಿದರೆ ಲಾಭವೂ ಸೇರುತ್ತದೆ ಅನ್ನುವ ಲೆಕ್ಕ ಗಿಡದಲ್ಲಿ ನಡೆಯುವುದಿಲ್ಲ. ಸ್ಕೂಗ್ ಮತ್ತು ಮಿಲ್ಲರ್ ಎಂಬ ವಿಜ್ಞಾನಿಗಳು ತಂಬಾಕಿನ ಅಂಗಾಂಶದಲ್ಲಿ 1957ರಲ್ಲೇ ಇದನ್ನು ತೋರಿಸಿದ್ದಾರೆ. ಆಕ್ಸಿನ್ ಜಾಸ್ತಿ ಇದ್ದಾಗ ಬೇರು ಬಂತು, ಸೈಟೊಕೈನಿನ್ ಜಾಸ್ತಿ ಇದ್ದಾಗ ಚಿಗುರು ಬಂತು. ಎರಡೂ ಒಂದು ಹದದಲ್ಲಿ ನಡುವೆ ನಿಂತಾಗ ಬೇರೂ ಇಲ್ಲ, ಚಿಗುರೂ ಇಲ್ಲ, ಬರೀ ಮುದ್ದೆ! ಟಿಶ್ಯೂ ಕಲ್ಚರ್ ಬಾಳೆ ಮಾಡುವವರು ಈಗಲೂ ಮೊದಲು ಸೈಟೊಕೈನಿನ್ ಜಾಸ್ತಿ ಕೊಟ್ಟು ಮರಿ ಹೆಚ್ಚಿಸಿಕೊಳ್ಳುತ್ತಾರೆ, ಬೇರು ಬರಿಸಲು ಆಮೇಲೆ ಆಕ್ಸಿನ್ ಕೊಡುತ್ತಾರೆ. ಪ್ರಯೋಗಾಲಯದಲ್ಲೇ ಇಷ್ಟು ಸೂಕ್ಷ್ಮ ಇರುವಾಗ ನಾವು ಮುಚ್ಚಳದ ಅಳತೆಯಲ್ಲಿ ಸುರಿಯುವುದು ಸರಿಯಲ್ಲ ಅಲ್ವಾ?

ಮೆಣಸಿಗೆ ಎನ್‌ಎಎ ಒಂದೇ ಸಾಕು. ಬಾಟಲಿ ಮೇಲೆ 4.5% ಅಂತ ಇದ್ದರೆ, 1 ಎಂ.ಎಲ್.ಗೆ 4.5 ಲೀಟರ್ ನೀರು. ಹತ್ತು ಕುಂಡಕ್ಕೆ ಅಷ್ಟು ಬೇಡ. ಸೂಜಿ ತೆಗೆದ ಸಿರಿಂಜ್‌ನಲ್ಲಿ ಅರ್ಧ ಎಂ.ಎಲ್. ಎಳೆದು ಎರಡೂಕಾಲು ಲೀಟರ್‌ಗೆ ಹಾಕಿ. ನಾನು ಇದಕ್ಕೇ ಒಂದು ಸಿರಿಂಜ್ ಬೇರೆ ಇಟ್ಟು, ಅದಕ್ಕೆ ಕೆಂಪು ಟೇಪ್ ಸುತ್ತಿದ್ದೇನೆ. ಹೂ ಬಿಡುವ ಹೊತ್ತಿನಲ್ಲಿ, ಬಿಸಿಲು ತಗ್ಗಿದ ಮೇಲೆ ಹೊಡೆಯಿರಿ. ಒಂದು ಹನಿ ಜಾಸ್ತಿ ಹಾಕೋಣ ಅನ್ನಿಸುತ್ತದೆ, ಬೇಡ. ಆಕ್ಸಿನ್ ಅತಿಯಾದರೆ ಗಿಡ ತಾನೇ ಎಥಿಲೀನ್ ಎಂಬ ಅನಿಲ ಉತ್ಪತ್ತಿ ಮಾಡುತ್ತದೆ. ಎಲೆ ತೊಟ್ಟು ತಿರುಚಿ ಜೋಲುತ್ತದೆ, ಉಳಿದ ಹೂವೂ ಉದುರುತ್ತದೆ.

ಗುಲಾಬಿ ಕಡ್ಡಿಗೆ ಐಬಿಎ ಪುಡಿ ತನ್ನಿ, ಅದು ಬೇರು ಬರಿಸುವ ಆಕ್ಸಿನ್. ಕತ್ತರಿಸಿದ ತುದಿಯನ್ನು ಅದರಲ್ಲಿ ಅದ್ದಿ, ಹೆಚ್ಚಿನದನ್ನು ಕೊಡವಿ, ನೆರಳಲ್ಲಿ ನೆಡಿ. ಜಿಬ್ಬರೆಲಿಕ್ ಆಸಿಡ್ ಅದರ ಹತ್ತಿರಕ್ಕೂ ಬೇಡ, ಬೇರು ಬರುವುದನ್ನೇ ಅದು ತಡೆಯುತ್ತದೆ.

ಆದರೆ ಇದಕ್ಕೆಲ್ಲ ಮೊದಲು ಮೆಣಸಿನ ಎಲೆಯನ್ನು ಮಗುಚಿ ನೋಡಿ. ಅಂಚು ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ, ಕೆಳಕ್ಕೆ ಮುದುಡಿದ್ದರೆ ಸಾಮಾನ್ಯವಾಗಿ ನುಸಿ. ಎರಡೂ ಇಲ್ಲದಿದ್ದರೆ ಮಣ್ಣಿಗೆ ಬೆರಳು ಹಾಕಿ. ತಾರಸಿಯ ಕಾವಿಗೆ ಕುಂಡ ಒಂದು ದಿನ ಒಣಗಿ ಮರುದಿನ ತೊಯ್ದರೂ ಹೂ ಉದುರುತ್ತದೆ. ಹಾಗಿದ್ದರೆ ಬಾಟಲಿ ಮುಚ್ಚಿಟ್ಟು, ಕುಂಡದ ಮೇಲೆ ತರಗೆಲೆ ಹೊದಿಸಿ, ದಿನಾ ಒಂದೇ ಹೊತ್ತಿಗೆ ನೀರು ಕೊಡಿ.