ಔಷಧ ಸರಬರಾಜಿಲ್ಲದ ಉಪಕೇಂದ್ರದಲ್ಲಿ ಬೀಡಿ ಬಿಡಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ನೀವು ಹಳ್ಳಿಯ ಆಯುಷ್ಮಾನ್ ಆರೋಗ್ಯ ಮಂದಿರವೊಂದರಲ್ಲಿ (ಉಪಕೇಂದ್ರದಲ್ಲಿ) ಸಮುದಾಯ ಆರೋಗ್ಯ ಅಧಿಕಾರಿ, ಅಂದರೆ ಸಿಎಚ್‌ಒ. ಬಿಪಿ, ಶುಗರ್, ಕೆಮ್ಮು ಅಂತ ಬರುವ ಗಂಡಸರಲ್ಲಿ ಬೀಡಿ ಸೇದುವವರೇ ಬಹಳ. ತಂಬಾಕು ಬಿಡಲು ಅಗಿಯುವ ನಿಕೋಟಿನ್ ಗಮ್ ಸರಬರಾಜಿಲ್ಲ, ಒಬ್ಬೊಬ್ಬರಿಗೆ ಐದು ನಿಮಿಷಕ್ಕಿಂತ ಹೆಚ್ಚು ಕೊಡಲಾಗುವುದಿಲ್ಲ. ಬಿಡಿ ಎಂದರೆ ಹೂಂ ಅನ್ನುತ್ತಾರೆ, ಮುಂದಿನ ತಿಂಗಳೂ ಜೇಬಿನಲ್ಲಿ ಬೀಡಿ ಕಟ್ಟು ಇದ್ದೇ ಇರುತ್ತದೆ. ಇಂಥ ಕಡೆ ಏನಾದರೂ ಮಾಡಲು ಸಾಧ್ಯವೇ?

ಸಾಧ್ಯ. ನಿಮಗಿಂತ ಹೆಚ್ಚಿನ ಅನುಕೂಲವೇನೂ ಇಲ್ಲದ ಕಡೆ ಇದನ್ನು ಮಾಡಿ ನೋಡಿದ್ದಾರೆ. ಪಾಕಿಸ್ತಾನದ ಝಂಗ್ ಮತ್ತು ಸರ್ಗೋಧಾ ಜಿಲ್ಲೆಗಳ 33 ಆರೋಗ್ಯ ಕೇಂದ್ರಗಳಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕ್ಷಯದ ಶಂಕೆಯಿಂದ ಪರೀಕ್ಷೆಗೆ ಬಂದ, ತಂಬಾಕು ಸೇದುವ 1955 ಮಂದಿ ಅದರಲ್ಲಿದ್ದರು. ಕೆಲವು ಕೇಂದ್ರಗಳಲ್ಲಿ ಎಂದಿನ ಸಲಹೆ ಮಾತ್ರ. ಕೆಲವು ಕಡೆ ಆರೋಗ್ಯ ಕಾರ್ಯಕರ್ತರು ಎರಡು ಸಲ ಕೂತು ಮಾತಾಡಿದರು: ಮೊದಲ ಸಲ ಸುಮಾರು ಅರ್ಧ ಗಂಟೆ, ಬಿಡುವ ದಿನ ಹತ್ತು ನಿಮಿಷ. ಉಳಿದ ಕಡೆ ಈ ಮಾತಿನ ಜೊತೆಗೆ ಏಳು ವಾರ ತಂಬಾಕು ಬಿಡಲು ನೆರವಾಗುವ ಬುಪ್ರೊಪಿಯಾನ್ ಮಾತ್ರೆಯನ್ನೂ ಕೊಟ್ಟರು. ಆರು ತಿಂಗಳಾದ ಮೇಲೂ ಬಿಟ್ಟೇ ಇದ್ದವರು ಎಂದಿನ ಸಲಹೆಯ ಗುಂಪಿನಲ್ಲಿ ಶೇ. 8.5, ಬರೀ ಮಾತಿನ ಗುಂಪಿನಲ್ಲಿ ಶೇ. 41, ಮಾತ್ರೆಯೂ ಸೇರಿದಲ್ಲಿ ಶೇ. 45. ಶ್ವಾಸಕೋಶದ ಭಯ ಹೊತ್ತು ಬಂದವರು ಅವರು. ಬಿಪಿ ಮಾತ್ರೆಗೆ ಬರುವವರಲ್ಲಿ ಇಷ್ಟು ಫಲ ನಿರೀಕ್ಷಿಸಬೇಡಿ. ಆದರೆ ಎಂದಿನ ಸಲಹೆಗೂ ಕೂತು ಆಡಿದ ಎರಡು ಮಾತಿಗೂ ನಡುವಿನ ಅಂತರ ನೋಡಿ. ಗೊತ್ತಾದ ಒಂದು ತಾರೀಖು, ಆ ತಾರೀಖಿನಂದು ಮತ್ತೆ ಭೇಟಿ, ಇವೆರಡೂ ಎಂದಿನ ಸಲಹೆಯಲ್ಲಿ ಇರುವುದಿಲ್ಲ. ನಿಮ್ಮಲ್ಲಿ ಕೊರತೆ ಇರುವುದೂ ಔಷಧಕ್ಕಿಂತ ಇವೆರಡಕ್ಕೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಕೇಳುವ ರೀತಿ. ಹೆಂಡತಿಯೋ ಮಗನೋ ಪಕ್ಕದಲ್ಲಿದ್ದಾಗ "ಸೇದ್ತೀರಾ?" ಎಂದರೆ ಅನೇಕರು ಇಲ್ಲ ಎನ್ನುತ್ತಾರೆ. ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲಿ ತುಂಬಿದ, ಕಾಯಿಲೆಯ ಅಪಾಯ ಅಂದಾಜಿಸುವ ಸಿಬ್ಯಾಕ್ ಫಾರಂನಲ್ಲಿ ತಂಬಾಕಿನ ಕಾಲಂ ಇದೆ ನಿಜ, ಅದನ್ನೂ ಮನೆಯವರ ಎದುರೇ ಕೇಳಿರುತ್ತಾರೆ. ಬಿಪಿ ನೋಡುವಾಗ, ಅವರೊಬ್ಬರೇ ಇರುವಾಗ, "ಬೀಡಿ, ಸಿಗರೇಟು, ಹೊಗೆಸೊಪ್ಪು, ಗುಟ್ಕಾ, ಇದರಲ್ಲಿ ಯಾವುದು ಅಭ್ಯಾಸ ಇದೆ ಯಜಮಾನ್ರೇ?" ಎಂದು ಕೇಳಿ. ಇದೆ ಎಂದರೆ ಇನ್ನೆರಡು ಪ್ರಶ್ನೆ. ಎದ್ದ ಮೇಲೆ ಮೊದಲ ಬೀಡಿ ಎಷ್ಟು ಹೊತ್ತಿಗೆ? ಒಂದು ಕಟ್ಟು ಎಷ್ಟು ದಿನ ಬರುತ್ತದೆ? ದಿನಕ್ಕೆ ಎಷ್ಟು ಎಂದು ಕೇಳಿದರೆ ಅಂದಾಜಿನ ಉತ್ತರ ಬರುತ್ತದೆ. ಕಟ್ಟಿನ ಲೆಕ್ಕ ಹೆಚ್ಚು ನಂಬಬಹುದು. ಎದ್ದು ಅರ್ಧ ಗಂಟೆಯೊಳಗೆ ಸೇದುವವರ ದೇಹ ನಿಕೋಟಿನ್‌ಗೆ ಗಟ್ಟಿಯಾಗಿ ಒಗ್ಗಿದೆ ಎಂದರ್ಥ. ಐದು ನಿಮಿಷದೊಳಗಾದರೆ ಇನ್ನೂ ಕಷ್ಟ, ಅಂಥವರಿಗೆ ಮೊದಲ ವಾರ ನಿಮ್ಮ ಗಮನ ದುಪ್ಪಟ್ಟು ಬೇಕು.

ಸಲಹೆ ಒಂದೇ ವಾಕ್ಯ ಸಾಕು, ಅವರು ಯಾವ ತೊಂದರೆ ಹೇಳಿಕೊಂಡು ಬಂದರೋ ಅದಕ್ಕೇ ಅಂಟಿಕೊಂಡಿರಲಿ. ಕೆಮ್ಮಿಗೆ ಬಂದವರಿಗೆ ಕ್ಯಾನ್ಸರ್ ಚಿತ್ರ ತೋರಿಸುವುದಕ್ಕಿಂತ "ಈ ದಮ್ಮು ಮುಂದಕ್ಕೆ ಹೋಗದಂತೆ ತಡೆಯೋದಕ್ಕೆ ಬೀಡಿ ಬಿಡೋದೇ ದೊಡ್ಡ ಔಷಧ, ನಾನು ಜೊತೆಗಿರ್ತೀನಿ" ಎನ್ನುವುದು ನಾಟುತ್ತದೆ. ಬಿಡುವ ಮನಸ್ಸಿಲ್ಲ ಎಂದವರ ಜೊತೆ ವಾದ ಬೇಡ. ಮುಂದಿನ ಭೇಟಿಯಲ್ಲಿ ಮತ್ತೆ ಕೇಳುತ್ತೇನೆಂದು ಹೇಳಿ, ಕೇಳಿ.

ಒಪ್ಪಿದವರಿಂದ ಅಲ್ಲೇ ತಾರೀಖು ತೆಗೆದುಕೊಳ್ಳಿ. ಎರಡು ವಾರದೊಳಗೆ ಇರಬೇಕು. ಅದಕ್ಕಿಂತ ದೂರ ಹೋದರೆ ಮನಸ್ಸು ಆರುತ್ತದೆ. ಊರ ಜಾತ್ರೆ, ಮನೆಯ ಮದುವೆ, ಸುಗ್ಗಿಯ ಗಡಿಬಿಡಿಯ ದಿನ ಬೇಡ. ಅಯ್ಯಪ್ಪ ಮಾಲೆ ಹಾಕುವವರಿದ್ದರೆ, ರಂಜಾನ್ ಉಪವಾಸ ಹಿಡಿಯುವವರಿದ್ದರೆ ಅದನ್ನೇ ಬಳಸಿಕೊಳ್ಳಿ. ಆದರೆ ಮಾಲಾಧಾರಿಗಳಲ್ಲಿ ಅಪಾಯ ಮಾಲೆ ತೆಗೆದ ದಿನ. ನಿಮ್ಮ ಫೋನು ಹೋಗಬೇಕಾದ್ದು ಅವತ್ತು.

"ಸ್ವಲ್ಪ ಸ್ವಲ್ಪ ಕಡಿಮೆ ಮಾಡ್ತೀನಿ" ಎನ್ನುವವರೇ ಹೆಚ್ಚು. ಕಡಿಮೆ ಬೀಡಿ ಸೇದುವವರು ಒಂದೊಂದು ಬೀಡಿಯನ್ನೂ ಆಳವಾಗಿ, ತುದಿವರೆಗೆ ಎಳೆದು ಬೇಕಾದಷ್ಟು ನಿಕೋಟಿನ್ ಪಡೆದೇ ಪಡೆಯುತ್ತಾರೆ. ಬೀಡಿ ತಾನಾಗಿ ಉರಿಯುತ್ತ ಕೂರುವುದೂ ಇಲ್ಲ, ಆರದಂತೆ ಪದೇ ಪದೇ ಎಳೆಯಬೇಕು. ಒಂದು ದಿನ ಗೊತ್ತು ಮಾಡಿ ಪೂರ್ತಿ ನಿಲ್ಲಿಸುವುದೇ ಮೇಲು. ಅದಕ್ಕೆ ಯಾರಾದರೂ ಏನೇ ಮಾಡಿದರೂ ಒಪ್ಪದಿದ್ದರೆ ಮಾತ್ರ ಕಡಿಮೆ ಮಾಡುವ ದಾರಿ ಹಿಡಿಯಿರಿ, ಅದಕ್ಕೂ ಕೊನೆಯ ತಾರೀಖು ಬರೆದಿಡಿ.

ಹಿಂದಿನ ರಾತ್ರಿ ಉಳಿದ ಬೀಡಿ, ಲೈಟರು, ಜೇಬಿನ ಬೆಂಕಿಪೊಟ್ಟಣ ಎಲ್ಲ ಹೊರಗೆ ಹೋಗಬೇಕು. ದಕ್ಷಿಣ ಕನ್ನಡದಂಥ ಕಡೆ ಮನೆಯ ಹೆಂಗಸರು ಬೀಡಿ ಕಟ್ಟಿಯೇ ಸಂಸಾರ ನಡೆಸುತ್ತಾರೆ; ಅಲ್ಲಿ ಈ ಮಾತು ನಡೆಯುವುದಿಲ್ಲ. ಅವರ ದುಡಿಮೆಯ ಬಗ್ಗೆ ಒಂದು ಮಾತೂ ಆಡದೆ, ಕಟ್ಟಿದ ಬೀಡಿಯನ್ನು ಮುಚ್ಚಳದ ಡಬ್ಬಿಯಲ್ಲಿ ಬೀಗದೊಳಗಿಡಲು, ಆದಷ್ಟು ಬೇಗ ಒಪ್ಪಿಸಿ ಬರಲು ಮನೆಯಾಕೆಯನ್ನೇ ಕೇಳಿಕೊಳ್ಳಿ.

ಬಿಟ್ಟ ಮೇಲೆ ಏನಾಗುತ್ತದೆಂದು ಮೊದಲೇ ಹೇಳದಿದ್ದರೆ ಮೂರನೇ ದಿನಕ್ಕೆ ಅವರು ವಾಪಸು ಬೀಡಿಗೆ ಹೋಗುತ್ತಾರೆ. ಸಿಟ್ಟು, ಚಡಪಡಿಕೆ, ನಿದ್ದೆ ಕೆಡುವುದು, ಹಸಿವು, ಇವು ಮೊದಲ ಕೆಲವು ದಿನ ಜೋರು, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತವೆ. ಒಂದು ಸಲ ಬರುವ ಚಪಲ ಕೆಲವೇ ನಿಮಿಷದ್ದು. ಅಷ್ಟು ಹೊತ್ತು ನೀರು ಕುಡಿದು, ಜಾಗ ಬದಲಿಸಿ, ಕೈಗೊಂದು ಕೆಲಸ ಕೊಟ್ಟರೆ ದಾಟಿಹೋಗುತ್ತದೆ. ಕೆಲವರಿಗೆ ಕೆಮ್ಮು ಕಫ ಕೆಲವು ವಾರ ಹೆಚ್ಚಾಗಬಹುದು, ಶ್ವಾಸನಾಳ ತನ್ನನ್ನು ತಾನೇ ತೊಳೆದುಕೊಳ್ಳುವ ಕೆಲಸ ಅದು. ಆದರೆ ಎರಡು ವಾರ ದಾಟಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆ ತಪ್ಪಿಸಬೇಡಿ.

"ಬೀಡಿ ಇಲ್ದೆ ಹೊಟ್ಟೆ ಸರಿಯಾಗಲ್ಲ" ಎಂಬ ಮಾತನ್ನು ನೆಪವೆಂದು ತಳ್ಳಿಹಾಕುವವರಿದ್ದಾರೆ, ಅದು ತಪ್ಪು. ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ, ಬಿಟ್ಟಾಗ ಮಲಬದ್ಧತೆ ನಿಜವಾಗಿ ಬರುತ್ತದೆ. ಬೆಳಗಿನ ಮೊದಲ ಬೀಡಿಗೆ ಅವರನ್ನು ಇದೇ ಕಟ್ಟಿಹಾಕಿರುತ್ತದೆ. ಎದ್ದ ಕೂಡಲೆ ಎರಡು ಲೋಟ ಬಿಸಿನೀರು, ಊಟದಲ್ಲಿ ಸೊಪ್ಪು, ರಾಗಿ, ಸಾಲದಿದ್ದರೆ ರಾತ್ರಿ ಒಂದು ಚಮಚ ಇಸಬಗೋಲು ನೀರಿನ ಜೊತೆ. ಬಿಡುವ ದಿನಕ್ಕೆ ಎರಡು ದಿನ ಮೊದಲೇ ಇದನ್ನು ಶುರು ಮಾಡಿಸಿ. ಟೀ ಅಂಗಡಿ ಮತ್ತು ಕುಡಿತ ಇನ್ನೆರಡು ಬಲೆ. ಒಂದು ತಿಂಗಳು ಟೀ ಮನೆಯಲ್ಲೇ ಆಗಲಿ. ಕುಡಿಯುವವರಿಗೆ ಆ ತಿಂಗಳು ಕುಡಿತವೂ ಬೇಡವೆಂದು ಹೇಳಿ. ಆದರೆ ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಅವರನ್ನು ವೈದ್ಯರ ಬಳಿ ಕಳಿಸಿ. ಇನ್ನೊಂದು, ಬೀಡಿ ಬಿಟ್ಟವರು ಹೊಗೆಸೊಪ್ಪಿಗೋ ಗುಟ್ಕಾಕ್ಕೋ ಜಾರುವುದು ನಮ್ಮ ಕಡೆ ತೀರ ಸಾಮಾನ್ಯ. ಪ್ರತಿ ಸಲ ಕೇಳಿ. ಬರೀ ಅಡಿಕೆಯೂ ಬಾಯಿ ಕ್ಯಾನ್ಸರಿಗೆ ಕಾರಣ, ಬಾಯಿಗೆ ಏನಾದರೂ ಬೇಕೆನಿಸಿದರೆ ಸೋಂಪೋ ಲವಂಗವೋ ಸಾಕು.

ಫೋನು ಮಾಡಬೇಕಾದ ದಿನಗಳು: ಬಿಡುವ ದಿನ, 3ನೆಯ ದಿನ, 7, 14, 30, ಆಮೇಲೆ ಮೂರು ತಿಂಗಳು, ಆರು ತಿಂಗಳು. ಸಮಯವಿಲ್ಲದಿದ್ದರೆ ಕೊನೆಯವನ್ನು ಬಿಡಿ, ಮೊದಲ ವಾರದ ಮೂರನ್ನು ಬಿಡಬೇಡಿ. ಒಂದೊಂದಕ್ಕೆ ಎರಡು ನಿಮಿಷ ಸಾಕು. ಮನೆಯವರ ನಂಬರನ್ನೂ ಬರೆದುಕೊಳ್ಳಿ, ಅವರದು ಅನೇಕ ಸಲ ಹತ್ತುವುದಿಲ್ಲ. "ಒಂದು ಸೇದಿಬಿಟ್ಟೆ" ಎಂದರೆ ಬೈಯಬೇಡಿ. ಯಾವಾಗ, ಯಾರ ಜೊತೆ, ಯಾರು ಕೊಟ್ಟರು ಎಂದು ಕೇಳಿ ಅಲ್ಲಿಗೆ ತಡೆ ಹಾಕಿ. ಪೂರ್ತಿ ಮರಳಿದ್ದರೆ ಅದೇ ವಾರ ಹೊಸ ತಾರೀಖು. ನಿಮ್ಮ ಕೈಯಲ್ಲಾಗದ ಹೊತ್ತಿಗೆ ತಂಬಾಕು ಬಿಡಲು ಫೋನಿನಲ್ಲೇ ನೆರವಾಗುವ ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356 ಇದೆ, ಶುಲ್ಕವಿಲ್ಲ, ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತಾಡುತ್ತಾರೆ. 011-22901701ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಸಂದೇಶಗಳು ಬರುತ್ತವೆ. ಕ್ವಿಟ್‌ಲೈನ್ ನಂಬರು ಪ್ಯಾಕಿನ ಮೇಲೇ ಇದೆ, ಆದರೆ ಬಿಡಿಯಾಗಿ ಒಂದೆರಡು ಕೊಳ್ಳುವವರ ಕಣ್ಣಿಗೆ ಅದು ಬೀಳುವುದಿಲ್ಲ. ಚೀಟಿಯಲ್ಲಿ ಬರೆದುಕೊಡುವುದಕ್ಕಿಂತ ನಿಮ್ಮೆದುರೇ ಅವರ ಫೋನಿನಿಂದ ಕರೆ ಮಾಡಿಸಿ.

ಔಷಧದ ಮಾತು. ನಿಕೋಟಿನ್ ಬದಲಿ ಔಷಧ (ಗಮ್, ಪ್ಯಾಚ್) 2009ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, 2022ರಲ್ಲಿ ಭಾರತದ ಪಟ್ಟಿಗೂ ಸೇರಿದೆ. ಇದನ್ನು ಉಲ್ಲೇಖಿಸಿ ನಿಮ್ಮ ವೈದ್ಯಾಧಿಕಾರಿಯ ಮೂಲಕ ಇಂಡೆಂಟ್ (ಬೇಡಿಕೆ ಪಟ್ಟಿ) ಹಾಕಿಸಿ. ಕೊಳ್ಳಬಲ್ಲವರಿಗೆ 2 ಮಿ.ಗ್ರಾಂ ಗಮ್ ಚೀಟಿಯಿಲ್ಲದೆ ಸಿಗುತ್ತದೆ. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ 4 ಮಿ.ಗ್ರಾಂ ಬೇಕು, ಅದಕ್ಕೆ ವೈದ್ಯರ ಚೀಟಿ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಸೋಲುವುದು ಅಗಿಯುವ ರೀತಿಯಲ್ಲಿ. ಎಲೆಅಡಿಕೆ ಅಭ್ಯಾಸದವರು ಅದೇ ರಭಸದಲ್ಲಿ ಜಗಿದು ರಸ ನುಂಗುತ್ತಾರೆ, ಬಿಕ್ಕಳಿಕೆ, ಹೊಟ್ಟೆ ಉರಿ, ವಾಕರಿಕೆ ಬಂದು ಎಸೆಯುತ್ತಾರೆ. ನಿಕೋಟಿನ್ ಒಳಹೋಗಬೇಕಾದ್ದು ಬಾಯಿಯ ಒಳಪದರದಿಂದ. ನಿಧಾನ ಅಗಿದು, ಖಾರ ಚುರುಗುಟ್ಟಿದ ಕೂಡಲೆ ಕೆನ್ನೆ ಮತ್ತು ವಸಡಿನ ನಡುವೆ ಇಟ್ಟು, ಖಾರ ಆರಿದಾಗ ಮತ್ತೆ ಅಗಿದು, ಅರ್ಧ ಗಂಟೆ ಹೀಗೆ. ಹದಿನೈದು ನಿಮಿಷ ಮೊದಲಿನಿಂದ ಕಾಫಿ, ಹಣ್ಣಿನ ರಸ ಬೇಡ, ಹುಳಿ ಇದ್ದರೆ ನಿಕೋಟಿನ್ ಹೀರಿಕೊಳ್ಳುವುದಿಲ್ಲ. ಹಲ್ಲಿಲ್ಲದವರಿಗೆ ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ವಾಸಿ. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಬಿಡಿಸುವ ಮಾತ್ರೆಗಳನ್ನು ವೈದ್ಯರೇ ಬರೆಯಬೇಕು. ಫಿಟ್ಸ್ ಇದ್ದವರಿಗೆ, ವಿಪರೀತ ಕುಡಿದು ದಿಢೀರ್ ನಿಲ್ಲಿಸುವವರಿಗೆ ಬುಪ್ರೊಪಿಯಾನ್ ಕೂಡದು.

ಅನೇಕರ ಗಮನಕ್ಕೆ ಬಾರದ ಒಂದು ಅಪಾಯವಿದೆ. ದಮ್ಮಿಗೆ ಥಿಯೋಫಿಲಿನ್ ಸೇರಿದ ಮಾತ್ರೆ ನುಂಗುತ್ತಿರುವವರು ಬೀಡಿ ಬಿಟ್ಟ ಕೆಲವೇ ದಿನಗಳಲ್ಲಿ ಎದೆಬಡಿತ, ಕೈನಡುಕ, ವಾಂತಿ ಎಂದು ಬರಬಹುದು. ಹೊಗೆಯ ಟಾರು ಯಕೃತ್ತಿನಲ್ಲಿ ಆ ಔಷಧ ಬೇಗ ಕರಗುವಂತೆ ಮಾಡುತ್ತಿತ್ತು, ಹೊಗೆ ನಿಂತಾಗ ಹಳೆಯ ಪ್ರಮಾಣವೇ ಹೆಚ್ಚಾಗುತ್ತದೆ. ಮಾನಸಿಕ ಕಾಯಿಲೆಯ ಕ್ಲೊಜಾಪಿನ್‌ಗೂ ಹೀಗೇ. ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಶುಗರ್ ಇಳಿಯಬಹುದು. ಇವರ ಬಿಡುವ ತಾರೀಖು ವೈದ್ಯರಿಗೆ ಮೊದಲೇ ತಿಳಿದಿರಲಿ.

ಲೆಕ್ಕ ಇಡುವಾಗ ಫೋನಿಗೆ ಸಿಗದವರನ್ನು "ಬಿಟ್ಟವರು" ಎಂದು ಬರೆಯಬೇಡಿ, ಸೇದುತ್ತಿದ್ದಾರೆಂದೇ ಎಣಿಸಿ. ಉಸಿರಿನಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಸಿಒ ಮೀಟರು ಸಿಕ್ಕರೂ ಸೌದೆ ಒಲೆಯ ಮುಂದಿದ್ದು ಬಂದವರಲ್ಲಿ ಅದು ಹೆಚ್ಚು ತೋರಿಸಬಹುದು, ಅದೊಂದರಿಂದಲೇ ಸುಳ್ಳೆಂದು ತೀರ್ಮಾನಿಸಬೇಡಿ.

ಎಲ್ಲರನ್ನೂ ಒಟ್ಟಿಗೆ ಹಿಡಿಯಲು ಹೋಗದೆ ಮೊದಲು ಕ್ಷಯಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರಿಂದ ಆರಂಭಿಸಿ. ಆರು ತಿಂಗಳು ಅವರ ಸಂಪರ್ಕ ಹೇಗೂ ಇರುತ್ತದೆ, ಚಿಕಿತ್ಸಾ ಕಾರ್ಡಿನ ಮೂಲೆಯಲ್ಲೇ ಬಿಡುವ ತಾರೀಖು ಬರೆಯಬಹುದು. ಅವರಲ್ಲಿ ಕೈ ಪಳಗಿದ ಮೇಲೆ ಬಿಪಿ-ಶುಗರ್ ದಿನದವರನ್ನು ಸೇರಿಸಿಕೊಳ್ಳಿ.